ಅಪವರ್ತನ ಸಿಗದ ಸಂಖ್ಯೆಯನ್ನು ಸಂಯುಕ್ತ ಎನ್ನುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ 2¹²⁷⁷ − 1 ಎಂಬ ಸಂಖ್ಯೆಯ ವಿಷಯ ಹೇಳಿದ. ಅದು ಸಂಯುಕ್ತ ಸಂಖ್ಯೆ ಎಂದು ಎಲ್ಲ ಪಟ್ಟಿಗಳಲ್ಲೂ ಇದೆಯಂತೆ, ಆದರೆ ಅದರ ಒಂದು ಅಪವರ್ತನವೂ ಯಾರಿಗೂ ಗೊತ್ತಿಲ್ಲವಂತೆ. 1 ಮತ್ತು ತನ್ನನ್ನು ಬಿಟ್ಟು ಬೇರೆ ಅಪವರ್ತನ ಇರುವುದೇ ಸಂಯುಕ್ತ ಸಂಖ್ಯೆ ಎಂದು ತರಗತಿಯಲ್ಲಿ ಹೇಳಿಕೊಡುವ ನನಗೆ ಇದು ಒಗಟಾಗಿದೆ. ಅಪವರ್ತನ ತೋರಿಸಲಾಗದವರು ಅದನ್ನು ಸಂಯುಕ್ತ ಎನ್ನುವುದು ಹೇಗೆ? ಕಂಪ್ಯೂಟರ್ ತಪ್ಪಿರಬಾರದೇಕೆ? ನಾವಿಬ್ಬರೂ ಸೇರಿ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದು 3, 5, 7, 9 ಎಂದು ಬೆಸ ಸಂಖ್ಯೆಗಳಿಂದ ಭಾಗಿಸುತ್ತ ಹೋಗಲು ಲ್ಯಾಪ್‌ಟಾಪನ್ನು ಬಿಟ್ಟು ಮೂರು ವಾರವಾಯಿತು. ಮುಂದುವರಿಸಬಹುದೇ? ಇಂಥ ಸಂಖ್ಯೆ ಒಡೆದರೆ ಬ್ಯಾಂಕುಗಳ ಭದ್ರತೆಯೇ ಕುಸಿಯುತ್ತದೆ ಎಂಬ ವಾಟ್ಸಾಪ್ ಸಂದೇಶವೂ ಬಂದಿದೆ, ಅದು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ. ಅಪವರ್ತನ ತೋರಿಸದೆ ಸಂಯುಕ್ತ ಎನ್ನುವುದು ತರ್ಕಕ್ಕೆ ಒಪ್ಪುತ್ತದೆಯೇ ಎಂಬುದು ಮೊದಲನೆಯದು, ನಿಮ್ಮ ಲ್ಯಾಪ್‌ಟಾಪಿನ ಶ್ರಮ ಸಾರ್ಥಕವೇ ಎಂಬುದು ಎರಡನೆಯದು, ಹಣದ ಭದ್ರತೆ ಮೂರನೆಯದು. ಇವುಗಳಲ್ಲಿ ಮೊದಲನೆಯದೇ ಮುಖ್ಯವಾದದ್ದು, ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ನಿಮ್ಮ ವ್ಯಾಖ್ಯೆ ಸರಿಯಾಗಿಯೇ ಇದೆ. ಅಪವರ್ತನ ‘ಇರಬೇಕು’ ಎಂದು ಅದು ಹೇಳುತ್ತದೆಯೇ ಹೊರತು ಆ ಅಪವರ್ತನ ನಮಗೆ ‘ಗೊತ್ತಿರಬೇಕು’ ಎಂದು ಹೇಳುವುದಿಲ್ಲ. ಈ ಎರಡರ ನಡುವಿನ ಅಂತರ ಸಣ್ಣ ಸಂಖ್ಯೆಗಳಲ್ಲಿ ಕಾಣಿಸದಿರುವುದಕ್ಕೆ ಕಾರಣ, 91ನ್ನು ಸಂಯುಕ್ತ ಎಂದು ತೋರಿಸಲು 7 × 13 ಎಂದು ಬರೆಯುವುದೇ ಅತ್ಯಂತ ಸುಲಭದ ದಾರಿಯಾಗಿರುವುದು. ಆದರೆ ದಾರಿ ಅದೊಂದೇ ಅಲ್ಲ. ಅವಿಭಾಜ್ಯ ಸಂಖ್ಯೆಗಳೆಲ್ಲವೂ ತಪ್ಪದೆ ಪಾಲಿಸುವ ಒಂದು ನಿಯಮವನ್ನು ಸಾಧಿಸಿ, ನಮ್ಮ ಕೈಯಲ್ಲಿರುವ ಸಂಖ್ಯೆ ಆ ನಿಯಮವನ್ನು ಮುರಿಯುತ್ತದೆ ಎಂದು ತೋರಿಸಿದರೂ ಸಾಕು, ಅದು ಅವಿಭಾಜ್ಯವಲ್ಲ ಎಂಬುದಕ್ಕೆ ಅಷ್ಟೇ ಗಟ್ಟಿಯಾದ ಸಾಧನೆ ದೊರೆತಂತೆ.

ಅಂಥ ನಿಯಮವೊಂದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಡಿ ಫರ್ಮಾ ಗುರುತಿಸಿದ. ಅವಿಭಾಜ್ಯ ಸಂಖ್ಯೆಯೊಂದರ ಅಪವರ್ತ್ಯವಲ್ಲದ ಯಾವುದೇ ಪೂರ್ಣಾಂಕವನ್ನು, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ ಯಾವಾಗಲೂ 1 ಬರುತ್ತದೆ. ಈಗ 7 ಮತ್ತು 13ನ್ನು ಮರೆತು 91ನ್ನು ಪರೀಕ್ಷಿಸೋಣ. 2ರ 90ನೇ ಘಾತವನ್ನು 91ರಿಂದ ಭಾಗಿಸಬೇಕು. ಇದಕ್ಕೆ 90 ಸಲ ಗುಣಿಸುವ ಅಗತ್ಯವಿಲ್ಲ, ವರ್ಗ ಮಾಡುತ್ತ ಹೋಗಿ ಪ್ರತಿ ಸಲವೂ 91ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಂಡರೆ ಸಾಕು. 2ರ 2ನೇ ಘಾತಕ್ಕೆ ಶೇಷ 4, 4ನೆಯದಕ್ಕೆ 16, 8ನೆಯದಕ್ಕೆ 74, 16ನೆಯದಕ್ಕೆ ಮತ್ತೆ 16, 32ನೆಯದಕ್ಕೆ 74, 64ನೆಯದಕ್ಕೆ 16. 90 ಎಂದರೆ 64 + 16 + 8 + 2 ಆದ್ದರಿಂದ 16, 16, 74, 4 ಇವುಗಳನ್ನು ಗುಣಿಸಿ ಭಾಗಿಸಿದರೆ ಶೇಷ 64 ಉಳಿಯುತ್ತದೆ. 91 ಅವಿಭಾಜ್ಯವಾಗಿದ್ದರೆ 1 ಬರಲೇಬೇಕಿತ್ತು. ಬರಲಿಲ್ಲ, ಹಾಗಾಗಿ 91 ಸಂಯುಕ್ತ. ಈ ಲೆಕ್ಕದಲ್ಲಿ 7 ಆಗಲಿ 13 ಆಗಲಿ ಎಲ್ಲಿಯೂ ತಲೆಹಾಕಲಿಲ್ಲ ಎಂಬುದನ್ನು ಗಮನಿಸಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಶೇಷ 1 ಬಾರದಿದ್ದರೆ ಸಂಖ್ಯೆ ಖಂಡಿತ ಸಂಯುಕ್ತ, ಆದರೆ 1 ಬಂದ ಮಾತ್ರಕ್ಕೆ ಅವಿಭಾಜ್ಯ ಎನ್ನುವಂತಿಲ್ಲ. 341 ಎಂಬುದು 11 × 31, ಆದರೂ 2ನ್ನು ಇಟ್ಟುಕೊಂಡು ಮಾಡಿದ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ. 561 ಇನ್ನೂ ಜಾಣ: 3, 11, 17 ಎಂಬ ತನ್ನ ಅಪವರ್ತನಗಳಿಂದ ಭಾಗವಾಗದ ಯಾವ ಸಂಖ್ಯೆಯನ್ನು ಕೊಟ್ಟರೂ ಅದು ಪಾಸು. ಕಾರ್ಮೈಕಲ್ ಸಂಖ್ಯೆಗಳೆಂದು ಕರೆಯುವ ಇಂಥ ವೇಷಧಾರಿಗಳು ಅನಂತವಾಗಿವೆ ಎಂದು 1994ರಲ್ಲಿ ಆಲ್ಫರ್ಡ್, ಗ್ರಾನ್ವಿಲ್ ಮತ್ತು ಪೊಮೆರಾನ್ಸ್ ಸಾಧಿಸಿದರು. ನಿಮ್ಮ ಮಗ ಈ ಪರೀಕ್ಷೆಯನ್ನು 2¹²⁷⁷ − 1ರ ಮೇಲೆ ಮಾಡಿದರೆ ಆಧಾರವಾಗಿ 2ನ್ನು ಆರಿಸಿಕೊಳ್ಳದಿರಲಿ. 2ರಿಂದಲೇ ಹುಟ್ಟಿದ ಇಂಥ ಸಂಖ್ಯೆಗಳಲ್ಲಿ, ಘಾತಸೂಚಿ ಅವಿಭಾಜ್ಯವಾಗಿದ್ದರೆ, 2ರ ಪರೀಕ್ಷೆ ಯಾವಾಗಲೂ 1 ಎಂದೇ ಉತ್ತರಿಸುತ್ತದೆ. 2¹¹ − 1 ಅಂದರೆ 2047 ಕೂಡ ಹಾಗೆಯೇ ಮೋಸಮಾಡುತ್ತದೆ. 3ನ್ನು ಆಧಾರವಾಗಿ ಇಟ್ಟುಕೊಂಡರೆ ಮಾತ್ರ ಅದರ ಶೇಷ 1013 ಎಂದು ಬಂದು ಬಣ್ಣ ಬಯಲಾಗುತ್ತದೆ. ವಿದ್ಯಾರ್ಥಿಗಳು 2ನ್ನು ಹಾಕಿ ನೋಡಿ, ‘ಸಾರ್, ಇದು ಅವಿಭಾಜ್ಯವಂತೆ’ ಎಂದು ಸಂಭ್ರಮದಿಂದ ಬರುವುದು ನನಗೆ ಹೊಸದಲ್ಲ.

2ರ ಯಾವುದಾದರೂ ಘಾತದಿಂದ 1 ಕಳೆದಾಗ ಬರುವ ಸಂಖ್ಯೆಗಳಿಗೆ 1644ರಲ್ಲಿ ಅವುಗಳ ಪಟ್ಟಿ ಪ್ರಕಟಿಸಿದ ಪಾದ್ರಿ ಮರಾಂ ಮೆರ್ಸೆನ್‌ನ ಹೆಸರಿದೆ. ಇವುಗಳಿಗೆಂದೇ ಎರಡೂ ಕಡೆ ಖಚಿತವಾಗಿ ತೀರ್ಪು ಕೊಡುವ ಪರೀಕ್ಷೆಯೊಂದಿದೆ. 1870ರ ದಶಕದಲ್ಲಿ ಎಡ್ವರ್ಡ್ ಲೂಕಾ ಕಂಡುಕೊಂಡ, ಮುಂದೆ ಡಿ. ಎಚ್. ಲೆಹ್ಮರ್ ಅಚ್ಚುಕಟ್ಟು ಮಾಡಿದ ಆ ವಿಧಾನ ಎಷ್ಟು ಸರಳವೆಂದರೆ ನಿಮ್ಮ ಒಂಬತ್ತನೇ ತರಗತಿಯ ಮಕ್ಕಳೂ ಮಾಡಬಲ್ಲರು. 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಉಳಿಸಿಕೊಳ್ಳಬೇಕು. ಘಾತಸೂಚಿಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಶೇಷ 0 ಬಂದರೆ ಸಂಖ್ಯೆ ಅವಿಭಾಜ್ಯ, 0 ಬಾರದಿದ್ದರೆ ಸಂಯುಕ್ತ. 2⁷ − 1 ಅಂದರೆ 127ಕ್ಕೆ ಐದು ಹೆಜ್ಜೆ: 4, 14, 67, 42, 111, 0. ಆದ್ದರಿಂದ 127 ಅವಿಭಾಜ್ಯ. 2047ಕ್ಕೆ ಒಂಬತ್ತು ಹೆಜ್ಜೆ: 4, 14, 194, 788, 701, 119, 1877, 240, 282, 1736. ಕೊನೆಗೆ 0 ಬರಲಿಲ್ಲ, ಆದ್ದರಿಂದ 2047 ಸಂಯುಕ್ತ. ಅದು 23 × 89 ಎಂಬುದು ನಮಗೆ ಗೊತ್ತಿದೆ, ಆದರೆ 1736 ಎಂಬ ಕೊನೆಯ ಶೇಷವನ್ನು ಎಷ್ಟು ದಿಟ್ಟಿಸಿದರೂ 23 ಕಾಣಿಸುವುದಿಲ್ಲ. ನಿಯಮ ಮುರಿದಿದೆ ಎಂಬುದನ್ನಷ್ಟೇ ಪರೀಕ್ಷೆ ಹೇಳುತ್ತದೆ, ಮುರಿಯಲು ಕಾರಣವಾದ ಅಪವರ್ತನವನ್ನು ಹೇಳುವುದಿಲ್ಲ.

2¹²⁷⁷ − 1ಕ್ಕೆ ಇದೇ ಕೆಲಸವನ್ನು 1275 ಸಲ ಮಾಡಬೇಕು. ಸಂಖ್ಯೆ 385 ಅಂಕಿಗಳದ್ದಾದರೂ ಇಂದಿನ ಮೊಬೈಲ್ ಫೋನ್ ಅದನ್ನು ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ. ಕೊನೆಯ ಶೇಷ 0 ಅಲ್ಲ. ಪಕ್ಕದ ಮನೆಯ 2¹²⁷⁹ − 1ಕ್ಕೆ ಹೀಗೆಯೇ ಮಾಡಿದರೆ ಸೊನ್ನೆ ಬರುತ್ತದೆ. ಅದು ಅವಿಭಾಜ್ಯ ಎಂಬುದನ್ನು 1952ರಲ್ಲೇ ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಮಿನಿಂದ ಲಾಸ್ ಏಂಜಲೀಸಿನ ಸ್ವಾಕ್ ಎಂಬ ಕಂಪ್ಯೂಟರ್ ಕಂಡುಹಿಡಿದಿತ್ತು. ಕಂಪ್ಯೂಟರ್ ತಪ್ಪಿರಬಾರದೇಕೆ ಎಂಬ ನಿಮ್ಮ ಸಂಶಯಕ್ಕೆ ಉತ್ತರವೂ ಇಲ್ಲಿಯೇ ಇದೆ. ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಗಳ ವಿಷಯದಲ್ಲಿ, ಯಂತ್ರ ವಾರಗಟ್ಟಲೆ ಓಡಬೇಕಾದಾಗ, ಆ ಸಂಶಯ ನ್ಯಾಯವಾದದ್ದೇ, ಅದಕ್ಕಾಗಿಯೇ ಅಲ್ಲಿ ಬೇರೆ ಯಂತ್ರದಲ್ಲಿ ಬೇರೆ ಪ್ರೋಗ್ರಾಮಿನಿಂದ ಮರುಪರಿಶೀಲನೆ ನಡೆಯುತ್ತದೆ. ಆದರೆ ಈ 385 ಅಂಕಿಯ ಸಂಖ್ಯೆಯನ್ನು ಯಾರನ್ನೂ ನಂಬದೆ ನೀವೇ ಪರೀಕ್ಷಿಸಬಹುದು. ನಿಮ್ಮ ಮಗ ಹತ್ತು ಸಾಲಿನ ಪ್ರೋಗ್ರಾಂ ಬರೆದು, ಮೊದಲು 127 ಮತ್ತು 2047ರ ಮೇಲೆ ಓಡಿಸಿ ಮೇಲಿನ ಶೇಷಗಳೇ ಬರುತ್ತವೆಯೇ ಎಂದು ತಾಳೆ ನೋಡಿಕೊಳ್ಳಲಿ, ಆಮೇಲೆ 1279 ಮತ್ತು 1277 ಎರಡನ್ನೂ ಕೊಡಲಿ. ಒಂದಕ್ಕೆ ಸೊನ್ನೆಯನ್ನೂ ಇನ್ನೊಂದಕ್ಕೆ ನೂರಾರು ಅಂಕಿಗಳ ಶೇಷವನ್ನೂ ಕಣ್ಣಾರೆ ಕಂಡರೆ ಅನುಮಾನ ಉಳಿಯುವುದಿಲ್ಲ.

ತೀರ್ಪು ಬಂದು ಕಾಲವಾದರೂ ಅಪವರ್ತನ ಸಿಗದೆ ಉಳಿಯುವುದು ಈ ಸಂಖ್ಯೆಯೊಂದರ ವಿಚಿತ್ರವೇನಲ್ಲ. 2⁶⁷ − 1 ಅವಿಭಾಜ್ಯವೆಂದು ಮೆರ್ಸೆನ್ ಬರೆದಿದ್ದ; ಅಲ್ಲವೆಂದು ಲೂಕಾ 1876ರಲ್ಲಿ, ಒಂದು ಅಪವರ್ತನವನ್ನೂ ಕೊಡದೆ, ತೋರಿಸಿದ. ಅಪವರ್ತನ ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವರಿಗೆ:

147573952589676412927 = 193707721 × 761838257287.

ನ್ಯೂಯಾರ್ಕಿನ ಸಭೆಯಲ್ಲಿ ಕೋಲ್ ಒಂದು ಮಾತೂ ಆಡದೆ ಹಲಗೆಯ ಮೇಲೆ ಈ ಗುಣಾಕಾರ ಮಾಡಿ ಹೋಗಿ ಕುಳಿತರು ಎಂಬ ಕಥೆಯನ್ನು ಗಣಿತದ ಮೇಷ್ಟರುಗಳು ಹೇಳುತ್ತ ಬಂದಿದ್ದಾರೆ. ನನಗೆ ಆ ಮೌನಕ್ಕಿಂತ ನಡುವಿನ 27 ವರ್ಷಗಳೇ ಹೆಚ್ಚು ಅರ್ಥಪೂರ್ಣವೆನಿಸುತ್ತವೆ. ಅಷ್ಟೂ ಕಾಲ ಅದು ಸಂಯುಕ್ತವಾಗಿಯೇ ಇತ್ತು, ಅದಕ್ಕೆ ಸಾಧನೆಯೂ ಇತ್ತು. 2ಕ್ಕೆ ಘಾತಸೂಚಿಯಾಗಿ 2ರದೇ ಒಂದು ಘಾತವನ್ನು ಇಟ್ಟು 1 ಕೂಡಿಸಿದಾಗ ಬರುವ ಫರ್ಮಾ ಸಂಖ್ಯೆಗಳಲ್ಲಿ ಇಂಥ ಕಾಯುವಿಕೆ ಇನ್ನೂ ದೀರ್ಘ. 14ನೇ ಫರ್ಮಾ ಸಂಖ್ಯೆ, ಅಂದರೆ 2ರ 16384ನೇ ಘಾತಕ್ಕೆ 1 ಕೂಡಿಸಿದ್ದು, ಸಂಯುಕ್ತವೆಂದು 1960ರ ದಶಕದ ಆರಂಭದಲ್ಲಿ ತಿಳಿದರೂ ಅದರ ಮೊದಲ ಅಪವರ್ತನ 2010ರವರೆಗೆ ಸಿಗಲಿಲ್ಲ. 24ನೇ ಫರ್ಮಾ ಸಂಖ್ಯೆಗೆ 50,50,446 ಅಂಕಿಗಳು. ಅದು ಸಂಯುಕ್ತವೆಂದು 1999ರಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ, ಅಪವರ್ತನ ಮಾತ್ರ ಒಂದೂ ಗೊತ್ತಿಲ್ಲ.

ಪರೀಕ್ಷೆ ಇಷ್ಟು ಸುಲಭವಾಗಿದ್ದರೂ ಒಡೆಯುವುದು ಏಕೆ ಕಷ್ಟ? ಪರೀಕ್ಷೆಯ ಕೆಲಸ ಸಂಖ್ಯೆಯ ಅಂಕಿಗಳ ಎಣಿಕೆಯನ್ನು ಅನುಸರಿಸಿ ಬೆಳೆಯುತ್ತದೆ. ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನು, ಯಾದೃಚ್ಛಿಕತೆಯ ಹಂಗಿಲ್ಲದೆ, ಅಂಕಿಗಳ ಎಣಿಕೆಯ ಬಹುಪದೋಕ್ತಿಗೆ ಮೀರದ ಹೆಜ್ಜೆಗಳಲ್ಲಿ ನಿರ್ಧರಿಸಬಹುದೆಂದು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಸಾಧಿಸಿದರು. ಆಗ ಕೊನೆಯ ಇಬ್ಬರೂ ಬಿ.ಟೆಕ್ ಮುಗಿಸಿದ ಹೊಸತು. ಅಪವರ್ತನ ಹುಡುಕಲು ಇಂಥ ವಿಧಾನ ಮಾಮೂಲಿ ಕಂಪ್ಯೂಟರುಗಳಿಗೆ ಯಾರೂ ಕಂಡುಕೊಂಡಿಲ್ಲ, ಅಂಥದ್ದು ಇರಲಾರದು ಎಂದೂ ಯಾರೂ ಸಾಧಿಸಿಲ್ಲ.

ಸಂಖ್ಯೆ ದೊಡ್ಡದಾದಷ್ಟೂ ಒಡೆಯುವುದು ಕಷ್ಟ ಎಂಬ ಮಾತೂ ಪೂರ್ತಿ ನಿಜವಲ್ಲ. ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತು. ಉತ್ತರ 546372891. ಇದರ ಅಂಕಿಗಳ ಮೊತ್ತ 45, ಆದ್ದರಿಂದ 9ರಿಂದ ಭಾಗವಾಗುತ್ತದೆ. ಭಾಗಲಬ್ಧ 60708099ರ ಅಂಕಿಗಳ ಮೊತ್ತ 39, ಮತ್ತೊಮ್ಮೆ 3ರಿಂದ ಭಾಗವಾಗಿ 20236033 ಉಳಿಯುತ್ತದೆ. ಅಂದಮೇಲೆ ಆ 201 ಅಂಕಿಗಳ ಮಹಾಸಂಖ್ಯೆ 3ರಿಂದ ಒಂದಲ್ಲ, 69 ಸಲ ನಿಶ್ಶೇಷವಾಗಿ ಭಾಗವಾಗುತ್ತದೆ. ಗಾತ್ರಕ್ಕಿಂತ ಅಪವರ್ತನಗಳ ಗಾತ್ರವೇ ಕಷ್ಟವನ್ನು ನಿರ್ಧರಿಸುತ್ತದೆ. 2¹²⁷⁷ − 1ರ ಅತಿ ಚಿಕ್ಕ ಅಪವರ್ತನವೇ ಬಹಳ ದೊಡ್ಡದಾಗಿರುವಂತೆ ತೋರುತ್ತದೆ.

ಈಗ ನಿಮ್ಮ ಲ್ಯಾಪ್‌ಟಾಪ್. ಅದು ಸೆಕೆಂಡಿಗೆ ಹತ್ತು ಲಕ್ಷ ಭಾಜಕಗಳನ್ನು ಪರೀಕ್ಷಿಸುತ್ತದೆ ಎಂದುಕೊಂಡರೂ ಮೂರು ವಾರಕ್ಕೆ ಸುಮಾರು 1.8 ಲಕ್ಷ ಕೋಟಿ ಭಾಜಕಗಳಾಗುತ್ತವೆ, ಅಂದರೆ 13 ಅಂಕಿಗಳ ಸಂಖ್ಯೆಗಳವರೆಗೆ ತಲುಪಿರುತ್ತೀರಿ. ಆ ವ್ಯಾಪ್ತಿಯನ್ನು ಇತರರು ಎಂದೋ ಶೋಧಿಸಿ ಮುಗಿಸಿದ್ದಾರೆ. ಪೂರ್ತಿ ಹುಡುಕಬೇಕಾದರೆ ವರ್ಗಮೂಲದವರೆಗೆ, ಅಂದರೆ 193 ಅಂಕಿಗಳ ಸಂಖ್ಯೆಯವರೆಗೆ ಹೋಗಬೇಕು. ನಿಸ್ಸಂಕೋಚವಾಗಿ ಹೇಳುತ್ತೇನೆ, ಆ ಪ್ರೋಗ್ರಾಮನ್ನು ಇಂದೇ ನಿಲ್ಲಿಸಿ. ಅದರಿಂದ ಕರೆಂಟ್ ಬಿಲ್ಲು ಮತ್ತು ಬ್ಯಾಟರಿಯ ಬಿಸಿಯಷ್ಟೇ ಲಾಭ.

ಎಲ್ಲ ಬೆಸ ಸಂಖ್ಯೆಗಳಿಂದಲೂ ಭಾಗಿಸಬೇಕಾಗಿಯೇ ಇರಲಿಲ್ಲ ಎಂಬುದನ್ನು ಮಾತ್ರ ತರಗತಿಗೆ ಒಯ್ಯಿರಿ. ಯಾವುದೋ ಅವಿಭಾಜ್ಯ ಭಾಜಕ 2¹²⁷⁷ − 1ನ್ನು ನಿಶ್ಶೇಷವಾಗಿ ಭಾಗಿಸಿದರೆ, 2ರ ಘಾತಗಳನ್ನು ಅದರಿಂದ ಭಾಗಿಸಿದಾಗ ಬರುವ ಶೇಷಗಳು 1277 ಹೆಜ್ಜೆಗೊಮ್ಮೆ 1ಕ್ಕೆ ಮರಳುತ್ತವೆ. 1277 ಸ್ವತಃ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಆವರ್ತನೆ ಸಾಧ್ಯವಿಲ್ಲ. ಫರ್ಮಾನ ನಿಯಮದ ಪ್ರಕಾರ ಭಾಜಕಕ್ಕಿಂತ ಒಂದು ಕಡಿಮೆ ಹೆಜ್ಜೆಯಲ್ಲೂ 1 ಬರಬೇಕು. ಹಾಗಾಗಿ ಭಾಜಕದಿಂದ 1 ಕಳೆದದ್ದು 1277ರ ಅಪವರ್ತ್ಯವಾಗಿರಲೇಬೇಕು, ಭಾಜಕ ಬೆಸವಾದ್ದರಿಂದ 2554ರ ಅಪವರ್ತ್ಯವೂ ಆಗಿರಬೇಕು. ಅದಲ್ಲದೆ 8ರಿಂದ ಭಾಗಿಸಿದಾಗ ಭಾಜಕ 1 ಅಥವಾ 7ನ್ನೇ ಶೇಷವಾಗಿ ಕೊಡಬೇಕು. ಈ ಎರಡು ಜರಡಿಗಳನ್ನು ದಾಟುವ ಮೊದಲ ಸಂಖ್ಯೆ 2554ರ ಮೂರರಷ್ಟಕ್ಕೆ 1 ಕೂಡಿಸಿದ 7663. ಅದು 79 × 97 ಆದ್ದರಿಂದ ಬಿಡಬಹುದು. ಮುಂದಿನದು 10217, ಅದೂ 17 × 601. ಆಮೇಲಿನದು 17879, ಅದು 19 × 941. 20433 ಮೂರರಿಂದಲೂ 28095 ಐದರಿಂದಲೂ ಹೋಗುತ್ತವೆ. ಮೊಟ್ಟಮೊದಲ ನಿಜವಾದ ಉಮೇದುವಾರ 30649, ಅದೂ ಭಾಗಿಸುವುದಿಲ್ಲ. ಕೋಲ್ ಅವರ 193707721 ಕೂಡ ಇದೇ ಅಚ್ಚಿನದು: ಅದರಿಂದ 1 ಕಳೆದು 67ರ ಎರಡರಷ್ಟಾದ 134ರಿಂದ ಭಾಗಿಸಿದರೆ ಸರಿಯಾಗಿ 1445580 ಬರುತ್ತದೆ. ಇಷ್ಟೆಲ್ಲ ಜರಡಿ ಹಿಡಿದರೂ ಹುಡುಕಾಟದ ಗಾತ್ರ 193 ಅಂಕಿಗಳಿಂದ 189 ಅಂಕಿಗಳಿಗೆ ಇಳಿಯುತ್ತದೆ, ಅಷ್ಟೆ.

ಮುಂದುವರಿಯುವ ಆಸೆ ಇದ್ದರೆ ದಾರಿಗಳಿವೆ. 1974ರಲ್ಲಿ ಜಾನ್ ಪೊಲಾರ್ಡ್ ಕೊಟ್ಟ ವಿಧಾನ ಅಗ್ಗದ್ದು, ಆದರೆ ಅಪವರ್ತನದಿಂದ 1 ಕಳೆದದ್ದು ಸಣ್ಣಸಣ್ಣ ಸಂಖ್ಯೆಗಳ ಗುಣಲಬ್ಧವಾಗಿರುವ ಅದೃಷ್ಟ ಬೇಕು. ಹೆಂಡ್ರಿಕ್ ಲೆನ್‌ಸ್ಟ್ರಾ 1987ರಲ್ಲಿ ಪ್ರಕಟಿಸಿದ ಎಲಿಪ್ಟಿಕ್ ಕರ್ವ್ ವಿಧಾನ ಮನೆಯ ಕಂಪ್ಯೂಟರಿಗೆ ಹೇಳಿಮಾಡಿಸಿದ್ದು, ಅದಕ್ಕೆ ಉಚಿತ ತಂತ್ರಾಂಶಗಳಿವೆ. ಅದರ ಅಪಾಯವೆಂದರೆ, ವರ್ಷಗಟ್ಟಲೆ ಓಡಿಸಿದರೂ ಏನೂ ಸಿಗದಿರಬಹುದು. ಈ ಸಂಖ್ಯೆಯ ಮೇಲೆ ಅದೇ ವಿಧಾನವನ್ನು ಅನೇಕರು ಅಪಾರವಾಗಿ ಪ್ರಯೋಗಿಸಿದ್ದಾರೆ, 50 ಅಂಕಿಗಿಂತ ಚಿಕ್ಕ ಅಪವರ್ತನ ತಪ್ಪಿಸಿಕೊಂಡಿರುವ ಸಾಧ್ಯತೆ ತೀರಾ ಕಡಿಮೆ. ಮೂರನೆಯದು ನಂಬರ್ ಫೀಲ್ಡ್ ಸೀವ್ ಎಂಬ ಅಪವರ್ತನ ವಿಧಾನದ ವಿಶೇಷ ರೂಪ. 2ರ ಘಾತದ ಪಕ್ಕದಲ್ಲಿರುವ ಸಂಖ್ಯೆಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ, 320 ಅಂಕಿಗಳ 2¹⁰⁶¹ − 1ನ್ನು 2012ರಲ್ಲಿ ಅದರಿಂದಲೇ 143 ಮತ್ತು 177 ಅಂಕಿಗಳ ಎರಡು ಅವಿಭಾಜ್ಯಗಳಾಗಿ ಒಡೆದರು. 1277ಕ್ಕೂ ಅದು ಒಂದಲ್ಲ ಒಂದು ದಿನ ಫಲ ಕೊಡುತ್ತದೆ ಎಂಬುದು ನನ್ನ ಅಂದಾಜು, ಆದರೆ ಅದಕ್ಕೆ ಬೇಕಾದದ್ದು ದೊಡ್ಡ ಕಂಪ್ಯೂಟರ್ ಸಮೂಹ ಮತ್ತು ಅಪಾರ ಮೆಮೊರಿ. ಮನೆಯಲ್ಲಿ ಆಗುವ ಕೆಲಸವಲ್ಲ. ನಿಮ್ಮ ಮಗನಿಗೆ ನಾನು ಸೂಚಿಸುವುದು, ಎಲಿಪ್ಟಿಕ್ ಕರ್ವ್ ತಂತ್ರಾಂಶವನ್ನು ಮೊದಲು 2⁶⁷ − 1ರ ಮೇಲೆ ಓಡಿಸಿ, ಕೋಲ್ ಅವರ ಅಪವರ್ತನ ಕಣ್ಣು ಮಿಟುಕಿಸುವಷ್ಟರಲ್ಲಿ ಬರುವುದನ್ನು ನೋಡಿ, ಆಮೇಲೆ ಅದರೊಳಗಿನ ಗಣಿತವನ್ನು ಓದುವುದು. 1277 ಕಾಯಲಿ.

ವಾಟ್ಸಾಪ್ ಸಂದೇಶ ಅರ್ಧ ಸತ್ಯ. ದೊಡ್ಡ ಸಂಖ್ಯೆಗಳನ್ನು ಒಡೆಯುವುದು ಕಷ್ಟ ಎಂಬ ಭರವಸೆಯ ಮೇಲೆ ಆರ್‌ಎಸ್‌ಎ ಎಂಬ ಗೂಢಲಿಪಿ ನಿಂತಿರುವುದು ನಿಜ. ಆದರೆ ಅಲ್ಲಿ ಬಳಸುವ ಸಂಖ್ಯೆಗಳು ಯಾದೃಚ್ಛಿಕವಾಗಿ ಆರಿಸಿದ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ, ಸಾಮಾನ್ಯವಾಗಿ 617 ಅಂಕಿಗಳವು, ಪ್ರತಿ ಸಂಸ್ಥೆಗೂ ಬೇರೆ ಬೇರೆ. 2¹²⁷⁷ − 1 ಯಾವ ಬ್ಯಾಂಕಿನ ಕೀಲಿಯೂ ಅಲ್ಲ, ಅದನ್ನು ಒಡೆಯಲು ನೆರವಾಗುವ ವಿಶೇಷ ರೂಪದ ತಂತ್ರ ಆ ಕೀಲಿಗಳಿಗೆ ನಾಟುವುದೂ ಇಲ್ಲ. ಹಾಗೆ ಯಾದೃಚ್ಛಿಕವಾಗಿ ರಚಿಸಿದ ಸವಾಲಿನ ಸಂಖ್ಯೆಗಳಲ್ಲಿ 250 ಅಂಕಿಗಳ ಒಂದನ್ನು 2020ರ ಫೆಬ್ರುವರಿಯಲ್ಲಿ ಒಡೆದಾಗ, ಒಂದೇ ಪ್ರೊಸೆಸರ್ ಕೋರ್‌ಗೆ ಸುಮಾರು 2700 ವರ್ಷ ಹಿಡಿಯುವಷ್ಟು ಲೆಕ್ಕ ಬೇಕಾಯಿತು. ಕ್ವಾಂಟಂ ಕಂಪ್ಯೂಟರಿನ ಮಾತು ಬೇರೆ: ಅದಕ್ಕೆ ಒಗ್ಗುವ ವೇಗದ ವಿಧಾನವನ್ನು ಪೀಟರ್ ಶೋರ್ 1994ರಲ್ಲೇ ಕೊಟ್ಟಿದ್ದಾರೆ, ಸಾಕಷ್ಟು ದೊಡ್ಡ ಯಂತ್ರ ಬಂದ ದಿನ ಆರ್‌ಎಸ್‌ಎ ಉಳಿಯುವುದಿಲ್ಲ. ಆ ದಿನಕ್ಕಾಗಿ ಅಪವರ್ತನದ ಮೇಲೆ ಅವಲಂಬಿಸದ ಹೊಸ ಮಾನದಂಡಗಳನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಸದ್ಯಕ್ಕೆ ನಿಮ್ಮ ಖಾತೆಗೆ ಅಪಾಯ ಬರುವುದಾದರೆ ಒಟಿಪಿ ಕೇಳುವ ಫೋನ್ ಕರೆಯಿಂದಲೇ ಹೊರತು ಗಣಿತದಿಂದ ಅಲ್ಲ.

ಕೊನೆಗೆ ಒಂದು ವ್ಯಾವಹಾರಿಕ ಸಲಹೆ. ಈ ಸಂಖ್ಯೆಯ ಅಪವರ್ತನ ಸಿಕ್ಕಿತು ಎಂದು ಯಾರಾದರೂ, ನಿಮ್ಮ ಮಗನೇ ಆಗಲಿ, ಹೇಳಿದರೆ ಅವರ ವಿಧಾನವನ್ನು ವಿಚಾರಿಸುವ ಮೊದಲು ಕೊಟ್ಟ ಸಂಖ್ಯೆಯಿಂದ 1 ಕಳೆದು 2554ರಿಂದ ಭಾಗಿಸಿ ನೋಡಿ. ಶೇಷ ಉಳಿದರೆ ಅದು 2¹²⁷⁷ − 1ರ ಅಪವರ್ತನವೇ ಅಲ್ಲ, ಮಾತು ಅಲ್ಲಿಗೆ ಮುಗಿಯಿತು. ಉಳಿಯದಿದ್ದರೆ 2ರ 1277ನೇ ಘಾತವನ್ನು, ಮೇಲೆ 91ಕ್ಕೆ ಮಾಡಿದಂತೆ ವರ್ಗ ಮಾಡುತ್ತ, ಆ ಸಂಖ್ಯೆಯಿಂದ ಭಾಗಿಸಿ. ಶೇಷ 1 ಬಂದರೆ ನನಗೊಂದು ಪತ್ರ ಬರೆಯಿರಿ.